ಸೇವೆಯ ಪದವಿ, ಸಂಬಳದ ಲೆಕ್ಕ

ಮಗಳು ಎಂ.ಎಸ್.ಡಬ್ಲ್ಯು. ಓದುತ್ತೇನೆ ಎಂದಾಗ ಮನೆಯಲ್ಲಿ ಮೊದಲು ಬರುವ ಪ್ರಶ್ನೆ, ‘ಓದಿದ ಮೇಲೆ ಎಷ್ಟು ಸಿಗುತ್ತದೆ?’ ಸೇವೆಯ ಮಾತಿನ ನಡುವೆ ದುಡ್ಡಿನ ಮಾತೇಕೆ ಎಂದು ಮುಖ ಸಿಂಡರಿಸುವವರೂ ಇದ್ದಾರೆ. ಆದರೆ ಇದು ಸಣ್ಣ ಪ್ರಶ್ನೆಯಲ್ಲ. ಸಮಾಜಕಾರ್ಯ ಶಿಕ್ಷಣ ಹುಟ್ಟಿದ ದಿನದಿಂದ ಅದರ ಬೆನ್ನಿಗೇ ಇರುವ ಪ್ರಶ್ನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲಿ ದಾನಧರ್ಮವನ್ನು ವ್ಯವಸ್ಥಿತವಾಗಿ ನಡೆಸುವ ಸಂಘಗಳಿದ್ದವು. ಅವುಗಳ ಪರವಾಗಿ ಬಡವರ ಮನೆಗಳಿಗೆ ಹೋಗಿ ಕಷ್ಟಸುಖ ವಿಚಾರಿಸುತ್ತಿದ್ದವರಲ್ಲಿ ಅನುಕೂಲಸ್ಥ ಕುಟುಂಬಗಳ ಹೆಂಗಸರೇ ಹೆಚ್ಚು. ಅವರಿಗೆ ಸಂಬಳವಿರಲಿಲ್ಲ, ಸಂಬಳದ ಅಗತ್ಯವೂ ಇರಲಿಲ್ಲ. ಒಳ್ಳೆಯ ಮನಸ್ಸಿದ್ದರೆ ಸಾಲದು, ತರಬೇತಿಯೂ ಬೇಕು ಎಂದು 1897ರಲ್ಲಿ ಮೇರಿ ರಿಚ್ಮಂಡ್ ವಾದಿಸಿದರು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಆರು ವಾರಗಳ ಬೇಸಿಗೆ ಶಾಲೆ ಶುರುವಾಯಿತು. 1904ರ ಹೊತ್ತಿಗೆ ಅದು ಒಂದು ವರ್ಷದ ಕೋರ್ಸ್ ಆಯಿತು. ಮುಂದೆ ಆ ಶಾಲೆ ಕೊಲಂಬಿಯಾ ವಿಶ್ವವಿದ್ಯಾಲಯದೊಳಗೆ ಸೇರಿತು.

ಆರು ವಾರ ಬಿಡುವು ಮಾಡಿಕೊಳ್ಳುವುದು ಬೇರೆ, ವರ್ಷಗಟ್ಟಲೆ ಶುಲ್ಕ ಕಟ್ಟಿ, ಬಾಡಿಗೆ ಕೊಟ್ಟು ಓದುವುದು ಬೇರೆ. ಅಷ್ಟು ಹಾಕಿದವರು ಸಂಬಳ ಕೇಳಲೇಬೇಕು. 1915ರಲ್ಲಿ ಬಾಲ್ಟಿಮೋರ್‌ನ ಸಮ್ಮೇಳನವೊಂದರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎದುರಿಟ್ಟ ಪ್ರಶ್ನೆಯೂ ಇದರ ನೆಂಟ: ಸಮಾಜಕಾರ್ಯ ಒಂದು ವೃತ್ತಿಯೇ? 1910ರ ತನ್ನ ವರದಿಯಿಂದ ಅಮೆರಿಕದ ವೈದ್ಯಕೀಯ ಶಿಕ್ಷಣದ ದಿಕ್ಕನ್ನೇ ಬದಲಿಸಿದ್ದಾತ ಅವನು. ವೈದ್ಯ, ವಕೀಲರ ಅರ್ಥದಲ್ಲಿ ಇದು ಇನ್ನೂ ವೃತ್ತಿಯಾಗಿಲ್ಲ ಎಂಬುದು ಅವನ ಉತ್ತರವಾಗಿತ್ತು. ಎರಡು ವರ್ಷಗಳ ನಂತರ ರಿಚ್ಮಂಡ್ ‘ಸೋಷಿಯಲ್ ಡಯಾಗ್ನೋಸಿಸ್’ ಎಂಬ ಗ್ರಂಥ ಪ್ರಕಟಿಸಿ ಈ ಕೆಲಸಕ್ಕೂ ತನ್ನದೇ ಶಾಸ್ತ್ರವಿದೆ ಎಂದು ತೋರಿಸಿದರು. ಆದರೆ ಕೆಲಸಕ್ಕೆ ಶಾಸ್ತ್ರವಿದೆ ಎಂದಾದ ಮಾತ್ರಕ್ಕೆ ಸಂಬಳ ಯಾರು ಕೊಡಬೇಕು ಎಂಬುದು ತೀರ್ಮಾನವಾಗುವುದಿಲ್ಲ. ವೈದ್ಯನಿಗೆ ರೋಗಿ ಫೀಸು ಕೊಡುತ್ತಾನೆ. ಸಮಾಜಕಾರ್ಯಕರ್ತೆಯ ಬಳಿಗೆ ಬರುವವರು ಕೊಡಲು ಏನೂ ಇಲ್ಲದವರು.

ನಮ್ಮ ದೇಶದಲ್ಲಿ ಈ ಶಿಕ್ಷಣ ಬೇರೂರಿದ್ದು ಮುಂಬಯಿಯಲ್ಲಿ. ಅಮೆರಿಕದ ಮಿಷನರಿ ಕ್ಲಿಫರ್ಡ್ ಮನ್‌ಶಾರ್ಟ್ 1926ರಲ್ಲಿ ನಾಗಪಾಡದಲ್ಲಿ ನೆರೆಹೊರೆಯವರಿಗಾಗಿ ಒಂದು ಸೇವಾಕೇಂದ್ರ ಆರಂಭಿಸಿದ್ದರು. ಅದರ ಅನುಭವದ ಮೇಲೆ, ಟಾಟಾ ಟ್ರಸ್ಟಿನ ಹಣದಿಂದ, 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ತೆರೆಯಿತು. 1944ರಲ್ಲಿ ಅದಕ್ಕೆ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್, ಅಂದರೆ ಟಿಸ್, ಎಂಬ ಹೆಸರು ಬಂತು.

ಕಲಿಸುವ ಖರ್ಚಿಗೆ ಟ್ರಸ್ಟ್ ಸಿಕ್ಕಿತು. ಕಲಿತವರ ಸಂಬಳಕ್ಕೆ? ಅದರ ದೊಡ್ಡ ಉತ್ತರ ಬಂದದ್ದು ಕಾನೂನಿನಿಂದ. ಕಾರ್ಖಾನೆಗಳಲ್ಲಿ ಕಾರ್ಮಿಕ ಅಧಿಕಾರಿಗಳಿರಬೇಕೆಂದು 1931ರಲ್ಲೇ ಕಾರ್ಮಿಕರ ಕುರಿತ ರಾಯಲ್ ಕಮಿಷನ್ ಶಿಫಾರಸು ಮಾಡಿತ್ತು. 1948ರ ಕಾರ್ಖಾನೆಗಳ ಕಾಯ್ದೆಯ 49ನೇ ಸೆಕ್ಷನ್, 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿಯನ್ನು ನೇಮಿಸುವುದನ್ನು ಕಡ್ಡಾಯಗೊಳಿಸಿತು. ಹೀಗೆ ಪದವಿಗೊಂದು ಹುದ್ದೆ ಸಿಕ್ಕಿತು, ಹುದ್ದೆಗೊಂದು ಸಂಬಳ. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್.ಗಳ ಬೆಂಗಳೂರಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಆರಂಭವಾಯಿತು. ಬರಬರುತ್ತ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಎಂ.ಎಸ್.ಡಬ್ಲ್ಯು. ಬಂತು.

ಇದರಿಂದ ಒಂದೇ ಪದವಿಯೊಳಗೆ ಎರಡು ದಾರಿಗಳಾದವು. ಒಂದು ಕಾರ್ಖಾನೆಯ ಕಡೆಗೆ ಹೋಗಿ, ಮುಂದೆ ಮಾನವ ಸಂಪನ್ಮೂಲ ಎಂಬ ಹೆಸರು ಪಡೆಯಿತು. ಇನ್ನೊಂದು ಹಳ್ಳಿ, ಕೊಳೆಗೇರಿ, ಆಸ್ಪತ್ರೆಗಳ ಕಡೆಗೆ ಹೋಯಿತು. ಎರಡನೆಯ ದಾರಿ ಹಿಡಿದವರ ಸಂಬಳ ಹೆಚ್ಚಾಗಿ ಯೋಜನೆಯ ಅನುದಾನವನ್ನು ನೆಚ್ಚಿಕೊಂಡದ್ದು. ಅನುದಾನ ಮುಗಿದರೆ ಕೆಲಸವೂ ಮುಗಿಯಿತು. ಊರಿನ ಕಷ್ಟ ಮಾತ್ರ ಮುಗಿದಿರುವುದಿಲ್ಲ.

ಇಲ್ಲಿ ನಮ್ಮ ಭಾಷೆಯೇ ಒಂದು ಗುಟ್ಟು ಬಿಟ್ಟುಕೊಡುತ್ತದೆ. 1975ರಿಂದ ಅಂಗನವಾಡಿಗಳಲ್ಲಿ, 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದೀಚೆಗೆ ಆಶಾ ಕಾರ್ಯಕರ್ತೆಯರಾಗಿ ದುಡಿಯುವ ಹೆಂಗಸರಿಗೆ ಎಂ.ಎಸ್.ಡಬ್ಲ್ಯು. ಬೇಕಿಲ್ಲ. ಆದರೆ ಸಮಾಜದ ಆರೈಕೆಯ ಕೆಲಸದಲ್ಲಿ ದೊಡ್ಡ ಪಾಲು ಅವರದೇ. ಅವರ ಕೈಗೆ ಬರುವ ಹಣವನ್ನು ನಾವು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತೇವೆ. ಸಂಬಳವಾದರೆ ಹಕ್ಕು, ಗೌರವಧನವಾದರೆ ಕೊಟ್ಟವರ ದೊಡ್ಡತನ. ಸಂಬಳ ಬೇಕಿರದ ಆ ಅನುಕೂಲಸ್ಥ ಹೆಂಗಸಿನ ನೆರಳು ಇನ್ನೂ ಈ ಕೆಲಸದ ಮೇಲಿದೆ.

ಖರ್ಚಿನ ಕಡೆ ಹೊರಳಿದರೆ, ಶುಲ್ಕ ಕಾಣಿಸುವ ಭಾಗವಷ್ಟೇ. ಎರಡು ವರ್ಷ ದುಡಿದಿದ್ದರೆ ಬರುತ್ತಿದ್ದ ಕೂಲಿ, ಹಾಸ್ಟೆಲ್ಲು, ಕ್ಷೇತ್ರಕಾರ್ಯಕ್ಕೆ ಓಡಾಡುವ ಬಸ್ ಚಾರ್ಜು, ಇವೆಲ್ಲ ಲೆಕ್ಕಕ್ಕೆ ಬರಬೇಕು. 2018ರ ಫೆಬ್ರವರಿಯಲ್ಲಿ ಟಿಸ್‌ನ ಮುಂಬಯಿ, ತುಳಜಾಪುರ, ಹೈದರಾಬಾದ್, ಗುವಾಹಟಿ ಕ್ಯಾಂಪಸ್‌ಗಳ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿದರು. ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಅರ್ಹರಾದ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ಹಾಸ್ಟೆಲ್ ಶುಲ್ಕದಲ್ಲಿದ್ದ ನೆರವನ್ನು ಹಿಂತೆಗೆದುಕೊಂಡದ್ದರ ವಿರುದ್ಧ ಅವರ ಹೋರಾಟ. ಯಾರ ಕೇರಿಗಳು ಒಂದು ಕಾಲಕ್ಕೆ ಈ ಶಿಕ್ಷಣಕ್ಕೆ ‘ಕ್ಷೇತ್ರ’ವಾಗಿದ್ದವೋ ಆ ಕೇರಿಗಳ ಮಕ್ಕಳೇ ಈಗ ತರಗತಿಯಲ್ಲಿ ಕೂತಿದ್ದರು. ಬಾಗಿಲು ಬಿಗಿಯಾಗತೊಡಗಿದ್ದೂ ಆಗಲೇ.

ಆದ್ದರಿಂದ ‘ಎಷ್ಟು ಸಿಗುತ್ತದೆ’ ಎಂದು ಕೇಳುವ ತಂದೆತಾಯಿ ತಪ್ಪು ಮಾಡುತ್ತಿಲ್ಲ. 1948ರಲ್ಲಿ ಕಾಯ್ದೆಯೊಂದು ಈ ಪದವಿಗೆ ಹುದ್ದೆ ಕೊಟ್ಟಿತು ಎಂದಮೇಲೆ, ಇದರ ಬೆಲೆಯನ್ನು ಮಾರುಕಟ್ಟೆಯೇ ನಿರ್ಧರಿಸಬೇಕೆಂದೇನಿಲ್ಲ. ಆ ಪ್ರಶ್ನೆಯನ್ನು ಮಗಳಿಗೆ ಕೇಳಿದಷ್ಟೇ ಗಟ್ಟಿಯಾಗಿ ಸರ್ಕಾರಕ್ಕೂ ಕೇಳಬೇಕು. ಇಲ್ಲವಾದರೆ ಸೇವೆ ಮತ್ತೆ ಉಳ್ಳವರ ಬಿಡುವಿನ ಕೆಲಸವಾಗುತ್ತದೆ.