ಬೈಲಕುಪ್ಪೆಗೆ ಸಿಕ್ಕಿದ್ದು ನೆಲ, ಹಕ್ಕಲ್ಲ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಈಗ ಮುಸುಕಿನ ಜೋಳ ಬೆಳೆಯುವ ಹೊಲಗಳು 1960ರಲ್ಲಿ ಆನೆ ಓಡಾಡುವ ಕಾಡಾಗಿದ್ದವು. ಹಿಂದಿನ ವರ್ಷ ದಲೈ ಲಾಮಾ ಟಿಬೆಟ್‌ನಿಂದ ಗಡಿ ದಾಟಿ ಬಂದಿದ್ದರು. ಅವರ ಹಿಂದೆ ಬಂದ ಸಾವಿರಾರು ಜನರಿಗೆ ನೆಲೆ ಬೇಕೆಂದು ನೆಹರೂ ಕೇಳಿದಾಗ ಮೈಸೂರು ರಾಜ್ಯ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. ಚಳಿನಾಡಿನ ಜನ ನಮ್ಮ ಬಿಸಿಲಿನಲ್ಲಿ ಮರ ಕಡಿದು, ಬೇರು ಕಿತ್ತು, ಉಳುಮೆ ಕಲಿತರು. ಈ ಉಪಕಾರಕ್ಕೆ ನಿಜಲಿಂಗಪ್ಪನವರನ್ನು ನೆನೆಯುವುದು ವಾಡಿಕೆ. ಆದರೆ 1960ರಲ್ಲಿ ಮುಖ್ಯಮಂತ್ರಿ ಬಿ.ಡಿ. ಜತ್ತಿ, ನಿಜಲಿಂಗಪ್ಪನವರ ಅವಧಿಗೆ ಸೇರುವುದು 1966ರ ಮುಂಡಗೋಡು ಟಿಬೆಟನ್ ವಸಾಹತು. ಯಾರ ಹೆಸರು ಹೇಳಿದರೂ ಒಂದು ಮಾತು ಬದಲಾಗದು: ಕೊಟ್ಟದ್ದು ಸರ್ಕಾರದ ಒಳ್ಳೆಯ ಮನಸ್ಸು, ಕಾನೂನಲ್ಲ. ನೆಲವೂ ಗುತ್ತಿಗೆಯದೇ.

ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1946ರ ವಿದೇಶಿಯರ ಕಾಯ್ದೆಗೆ ಪ್ರವಾಸಿಯೂ ಒಂದೇ, ಪ್ರಾಣಭಯದಿಂದ ಓಡಿಬಂದವನೂ ಒಂದೇ ಆಗಿದ್ದ. ಟಿಬೆಟನ್ನರನ್ನು ಇಷ್ಟು ವರ್ಷ ಕಾಯ್ದದ್ದು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾದ ಆರ್‌ಸಿ, ಅಂದರೆ ನೋಂದಣಿ ಪತ್ರ. ಸಹಿ ಹಾಕಿದ ಎಷ್ಟೋ ದೇಶಗಳಿಗಿಂತ ನಾವೇ ಚೆನ್ನಾಗಿ ನೋಡಿಕೊಂಡಿದ್ದೇವೆ, ಕಾನೂನಿನ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಟಿಬೆಟನ್ನರ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಮನಸ್ಸಿನ ಮೇಲೆ ನಿಂತ ಆಶ್ರಯ ಒಬ್ಬರಿಗೆ ಸಿಕ್ಕಂತೆ ಇನ್ನೊಬ್ಬರಿಗೆ ಸಿಗದು: 2018ರಲ್ಲಿ ಏಳು ಮಂದಿ ರೋಹಿಂಗ್ಯಾಗಳನ್ನು ಮ್ಯಾನ್ಮಾರ್‌ಗೆ ಕಳಿಸಿದ್ದೂ ಇದೇ ಕಾಯ್ದೆಯಡಿ. ಕಾನೂನು ಮಾಡಿದರೆ ಗಡಿಯ ಬಾಗಿಲು ತೆರೆದಂತಾಗುತ್ತದೆ ಎಂಬ ಅಂಜಿಕೆಯೂ ಉಂಟು. ಕಾನೂನು ಎಲ್ಲರನ್ನೂ ಒಳಗೆ ಬಿಡಬೇಕಿಲ್ಲ. ಯಾರನ್ನು, ಯಾವ ಕಾರಣಕ್ಕೆ, ಯಾರು ವಿಚಾರಿಸಿ ನಿರ್ಧರಿಸಬೇಕು ಎಂದು ಬರೆದಿಟ್ಟರೆ ಸಾಕು. 1996ರಲ್ಲಿ ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸಂವಿಧಾನದ 21ನೇ ವಿಧಿ ನಾಗರಿಕರಲ್ಲದವರ ಜೀವವನ್ನೂ ಕಾಯುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಕೋರ್ಟಿನ ಮೆಟ್ಟಿಲು ಹತ್ತಲು ಆದವರಿಗಷ್ಟೇ ಅದು ಆಸರೆ.

ಬರೆದಿಟ್ಟ ಒಂದು ಸಾಲಿಗೆ ಎಷ್ಟು ಬಲವಿದೆ ಎಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಭಾರತೀಯರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ, 2013ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟವು. ಆ ದಿನಾಂಕದ ನಂತರ ಹುಟ್ಟಿದ, ತಂದೆ ತಾಯಿ ಇಬ್ಬರೂ ನಾಗರಿಕರಲ್ಲದ ಬೈಲಕುಪ್ಪೆಯ ಮಗುವಿನ ಪಾಲಿಗೆ ಇಂದಿಗೂ ಉಳಿದಿರುವುದು ಆರ್‌ಸಿ.