ಪರೀಕ್ಷೆ ಮುಂದೆ ಹೋಯಿತು, ಪಾಠ?

2020ರ ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಕೊರೊನಾದಿಂದಾಗಿ ಜೂನ್ 25ಕ್ಕೆ ಸರಿಯಿತು. ಆ ವರ್ಷ ಪಾಠಗಳೇನೋ ಮುಗಿದಿದ್ದವು. ಸಿಕ್ಕ ಮೂರು ತಿಂಗಳು ಪುನರಾವರ್ತನೆಗೆ ಒದಗಿತು. ಅದೂ ಮನೆಯಲ್ಲಿ ಓದಲು ಮೂಲೆಯೊಂದು ಇದ್ದವರಿಗೆ.

ನಿಜವಾದ ಕಷ್ಟ ಎದುರಾದದ್ದು ಮರುವರ್ಷ. ಹತ್ತನೇ ತರಗತಿಯ ಬಾಗಿಲು ತೆರೆದದ್ದೇ 2021ರ ಜನವರಿ 1ರಂದು. ಅದಕ್ಕೆ ಮೊದಲು ಇದ್ದದ್ದು ಚಂದನ ವಾಹಿನಿಯ ‘ಸಂವೇದ’ ಪಾಠ, ಜಗಲಿ-ಮರದ ನೆರಳಿನಲ್ಲಿ ನಡೆದ ‘ವಿದ್ಯಾಗಮ’. ವಿದ್ಯಾಗಮವೂ ಅಕ್ಟೋಬರಿನಲ್ಲಿ ನಿಂತಿತ್ತು. ಜೂನ್ 21ಕ್ಕೆ ಗೊತ್ತಾಗಿದ್ದ ಪರೀಕ್ಷೆಯನ್ನು ಜುಲೈ 19ಕ್ಕೆ ಹಾಕಲಾಯಿತು. ಆದರೆ ಎರಡನೇ ಅಲೆಯಿಂದ ಶಾಲೆಗಳು ಮತ್ತೆ ಮುಚ್ಚಿದ್ದವು. ಹೀಗೆ ಸಿಕ್ಕ ನಾಲ್ಕು ವಾರಗಳಲ್ಲಿ ಕರಿಹಲಗೆಯ ಮುಂದೆ ಪಾಠ ನಡೆಯಲೇ ಇಲ್ಲ.

ಕೊನೆಗೆ ಕುಗ್ಗಿದ್ದು ಪರೀಕ್ಷೆಯೇ. ಪಠ್ಯದಲ್ಲಿ ಶೇ 30ರಷ್ಟು ಕಡಿತ, ಆರು ವಿಷಯಗಳಿಗೆ ಎರಡೇ ದಿನ, ವಿಷಯಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಸರ್ಕಾರ ಮೊದಲೇ ಹೇಳಿತ್ತು. ಫಲಿತಾಂಶ ಶೇ 99.9! ನಪಾಸಾದದ್ದು ಒಬ್ಬರು ಮಾತ್ರ, ಅದೂ ತಮ್ಮ ಬದಲು ಬೇರೊಬ್ಬರನ್ನು ಬರೆಯಲು ಕಳುಹಿಸಿದ್ದಕ್ಕೆ. ಆ ಅಂಕಪಟ್ಟಿ ಹಿಡಿದು ಪಿಯುಸಿ ವಿಜ್ಞಾನಕ್ಕೆ ಸೇರಿದವರು ಬಿಟ್ಟುಹೋದ ಗಣಿತವನ್ನು ಕಾಲೇಜಿನಲ್ಲೇ ಎದುರಿಸಬೇಕಾಯಿತು.