ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ

2024ರ ಜೂನ್ ಮೊದಲ ವಾರ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಊರಿನ ಉಚಿತ ಪ್ರಸಾದ ನಿಲಯಕ್ಕೆ ಹೋಗಿದ್ದೆವು. ಶಾಲೆ ಶುರುವಾಗಿತ್ತು. ಹೊಸದಾಗಿ ಸೇರಿದ ಹುಡುಗರ ಬಗ್ಗೆ ಎರಡು ಕಾಲಂ ಸುದ್ದಿ ಮಾಡಿಕೊಂಡು ಬರುವುದಷ್ಟೇ ನಮ್ಮ ಉದ್ದೇಶ. ಆದರೆ ಕಚೇರಿಯಲ್ಲಿ ಯಾರಿಗೂ ಮಾತಾಡುವ ಮನಸ್ಸಿರಲಿಲ್ಲ. ಅಧ್ಯಕ್ಷರು ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಬಿಟ್ಟಿದ್ದ ಒಂದು ಕಾಗದ ತೋರಿಸಿದರು. ಆದಾಯ ತೆರಿಗೆ ಇಲಾಖೆಯ 12ಎ ನೋಂದಣಿ ಪತ್ರ. ಅಂಚು ಹಳದಿಯಾಗಿತ್ತು.

"ಇದು ಕಾಯಂ ಐತಿ ಅಂತ ಆಗ ಹೇಳಿದ್ರು. ಕಾಯಂ ಹೋಗಿ ಐದ ವರ್ಷ ಯಾವಾಗ ಆತ್ರೀ? ನಮಗ ಯಾರೂ ಹೇಳಲಿಲ್ಲ" ಎಂದರು.

ಪುಣೆಯಲ್ಲಿ ನೌಕರಿ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬರು ದೇಣಿಗೆ ಕೊಟ್ಟು ತೆರಿಗೆ ರಿಯಾಯಿತಿಯ ಪತ್ರ ಕೇಳಿದಾಗಲೇ ವಿಷಯ ಬಯಲಾದದ್ದು. ನೋಂದಣಿ ಮತ್ತೆ ಮಾಡಿಸಬೇಕಿತ್ತು, ಮಾಡಿಸಿಲ್ಲ. ಸರ್ಕಾರ ಹಲವು ಸಲ ಮುಂದೂಡಿದ ಗಡುವಿನಲ್ಲಿ ಉಳಿದದ್ದು ಮೂರು ವಾರ ಮಾತ್ರ.

ಇವರು ದುಡ್ಡು ಹೊಡೆದವರಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ತಿರುಗಿ ಜೋಳ ಎತ್ತಿ ನಿಲಯ ನಡೆಸಿದವರ ಮಕ್ಕಳು, ಮೊಮ್ಮಕ್ಕಳು. ಜೋಳದ ಲೆಕ್ಕ ಇಂದಿಗೂ ಪುಸ್ತಕದಲ್ಲಿದೆ. ಹಾಗಾದರೆ ತಪ್ಪಿದ್ದೆಲ್ಲಿ? ಕಾನೂನು ಬದಲಾದರೆ ಊರಿನ ಧರ್ಮದರ್ಶಿಗೆ ಹೇಳಬೇಕಾದವರು ಯಾರು? ಆ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದೆವು. ಬಹಳ ಹಿಂದಕ್ಕೇ ಹೋಗಬೇಕಾಯಿತು.

ಕಲ್ಲಿನ ಮೇಲಿದ್ದ ಷರತ್ತು

ನಮ್ಮ ಜಿಲ್ಲೆಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಅಲ್ಲಿನ ಶಾಸನ 1007ರದ್ದು. ಅಂದಿನ ಕನ್ನಡ ನಾಡಿನಲ್ಲಿ ದಾನ ಕೊಟ್ಟರೆ ಅದರ ಕರಾರನ್ನು ಕಲ್ಲಿನಲ್ಲಿ ಕೊರೆಸುವುದು ರೂಢಿ. ಎಷ್ಟು ಮತ್ತರು ಭೂಮಿ, ಯಾವ ದಿಕ್ಕಿಗೆ ಯಾವ ಎಲ್ಲೆ, ಯಾವ ಖರ್ಚಿಗೆ, ಯಾರು ನೋಡಿಕೊಳ್ಳಬೇಕು ಎಂಬುದೆಲ್ಲ ಅದರಲ್ಲಿರುತ್ತಿತ್ತು. ನೋಡಿಕೊಳ್ಳುವ ಹೊಣೆ ಊರಿನ ಮಹಾಜನರದ್ದೋ ಆಚಾರ್ಯರದ್ದೋ ಆಗಿರುತ್ತಿತ್ತು. ಇಂದಿನ ಮಾತಿನಲ್ಲಿ ಅವರೇ ಟ್ರಸ್ಟಿಗಳು. ಮೇಲೆ ಸೂರ್ಯ, ಚಂದ್ರ. ಅವು ಇರುವವರೆಗೆ ಈ ದತ್ತಿ ನಡೆಯಲಿ ಎಂಬ ಅರ್ಥ. ಕೊನೆಗೆ, ಇದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ.

ಅಂದು ಎಲ್ಲವೂ ನ್ಯಾಯವಾಗಿ ನಡೆಯುತ್ತಿತ್ತು ಎಂದು ನಾವು ಹೇಳುತ್ತಿಲ್ಲ. ಅಷ್ಟು ದೊಡ್ಡ ಶಾಪ ಬೇಕಾಗಿತ್ತೆಂದರೆ ಕಿತ್ತುಕೊಳ್ಳುವವರೂ ಇದ್ದರು. ಆದರೆ ಷರತ್ತು ಗುಡಿಯ ಮುಂದೆ, ಎಲ್ಲರ ಕಣ್ಣೆದುರು ನಿಂತಿತ್ತು. ಅದನ್ನು ತಿಳಿಯಲು ಬೇರೆ ಊರಿಗೆ ಹೋಗಬೇಕಾಗಿರಲಿಲ್ಲ.

ಕಲ್ಲಿನಿಂದ ಕಡತಕ್ಕೆ

ಕಂಪನಿ ಸರ್ಕಾರ ಬಂದ ಮೇಲೆ ದತ್ತಿಗಳ ಉಸ್ತುವಾರಿ ಕಡತಕ್ಕೆ ಸೇರಿತು. ಬಂಗಾಳದಲ್ಲಿ 1810ರಲ್ಲಿ, ಮದ್ರಾಸಿನಲ್ಲಿ 1817ರಲ್ಲಿ ಬಂದ ನಿಬಂಧನೆಗಳು ಗುಡಿ, ಮಸೀದಿ, ಛತ್ರಗಳ ಆಸ್ತಿಯ ಮೇಲ್ವಿಚಾರಣೆಯನ್ನು ಕಂದಾಯ ಮಂಡಳಿಗೆ ವಹಿಸಿದವು. ಕ್ರೈಸ್ತ ಸರ್ಕಾರ ಅನ್ಯಧರ್ಮದ ಗುಡಿಗಳನ್ನು ನಡೆಸುವುದೇಕೆಂದು ಮಿಶನರಿಗಳು ತಕರಾರು ತೆಗೆದರು. 1863ರ ಕಾಯ್ದೆಯ ಮೂಲಕ ಸರ್ಕಾರ ಧಾರ್ಮಿಕ ಸಂಸ್ಥೆಗಳಿಂದ ಕೈ ತೆಗೆಯಿತು.

ಅದಕ್ಕೂ ಮುಂಚೆ, 1860ರಲ್ಲಿ, ಸಂಘಗಳ ನೋಂದಣಿ ಕಾಯ್ದೆ ಬಂದಿತ್ತು. ಇಂಗ್ಲೆಂಡಿನಲ್ಲಿ ಸಾಹಿತ್ಯ, ವಿಜ್ಞಾನ ಸಂಸ್ಥೆಗಳಿಗಾಗಿ 1854ರಲ್ಲಿ ಮಾಡಿದ್ದ ಕಾಯ್ದೆ ಅದಕ್ಕೆ ಮಾದರಿ. ಏಳು ಮಂದಿ ಸೇರಿ ಉದ್ದೇಶ ಬರೆದು ಸಹಿ ಹಾಕಿದರೆ ಒಂದು ಸಂಘ. ವಾಚನಾಲಯ, ಶಾಲೆ, ಪ್ರಸಾದ ನಿಲಯಗಳಿಗೆ ಇದು ಅನುಕೂಲದ ದಾರಿಯಾಯಿತು.

1882ರಲ್ಲಿ ಭಾರತೀಯ ನ್ಯಾಸ ಕಾಯ್ದೆ ಬಂತು. ನಮ್ಮ ಕಡೆಯ ಎಷ್ಟೋ ಟ್ರಸ್ಟ್ ಪತ್ರಗಳಲ್ಲಿ "1882ರ ಕಾಯ್ದೆಯನ್ವಯ" ಎಂದು ಬರೆದಿರುತ್ತದೆ. ಆದರೆ ಆ ಕಾಯ್ದೆ ಖಾಸಗಿ ನ್ಯಾಸಗಳದ್ದು. ಸಾರ್ವಜನಿಕ ಧರ್ಮದತ್ತಿಗಳಿಗೆ ಅನ್ವಯವಾಗದೆಂದು ಅದರ ಮೊದಲ ಕಲಮಿನಲ್ಲೇ ಇದೆ. ಬರೆದವರೂ ಓದಿಲ್ಲ, ಸಹಿ ಹಾಕಿದವರೂ ಓದಿಲ್ಲ. ಹೀಗಾಗಿ ತಮಗೆ ಯಾವ ಕಾನೂನು ಅನ್ವಯಿಸುತ್ತದೆ ಎಂಬ ಗೊಂದಲ ಎಷ್ಟೋ ಸಂಸ್ಥೆಗಳಲ್ಲಿ ಹುಟ್ಟಿನಿಂದಲೇ ಇದೆ.

ಒಂದು ನಾಡು, ಹಲವು ಕಾನೂನು

ನಾವು ನೋಡಿದ ಪ್ರಸಾದ ನಿಲಯ ಹುಟ್ಟಿದ್ದು ಮುಂಬೈ ಪ್ರಾಂತದ ಕಾಲದಲ್ಲಿ. ಆಗ ಗದಗ ಭಾಗ ಧಾರವಾಡ ಜಿಲ್ಲೆಯಲ್ಲಿತ್ತು. 1950ರಲ್ಲಿ ಮುಂಬೈ ಸಾರ್ವಜನಿಕ ನ್ಯಾಸಗಳ ಕಾಯ್ದೆ ಬಂದು ಚಾರಿಟಿ ಕಮಿಷನರ್ ಎಂಬ ಅಧಿಕಾರಿ ಹುಟ್ಟಿಕೊಂಡ. ಟ್ರಸ್ಟ್ ಅಷ್ಟೇ ಅಲ್ಲ, 1860ರ ಕಾಯ್ದೆಯಡಿ ನೋಂದಾಯಿಸಿದ ಧರ್ಮಾರ್ಥ ಸಂಘಗಳೂ ಆತನ ವ್ಯಾಪ್ತಿಗೆ ಬಂದವು. ಲೆಕ್ಕ ಇಡಬೇಕು, ತಪಾಸಣೆ ಮಾಡಿಸಬೇಕು, ಧರ್ಮದರ್ಶಿ ಬದಲಾದರೆ 90 ದಿನದೊಳಗೆ ತಿಳಿಸಬೇಕು. ಕಟ್ಟುನಿಟ್ಟು ನಿಜ. ಆದರೆ ಕೇಳುವುದಕ್ಕೂ ಹೇಳುವುದಕ್ಕೂ ಒಂದು ಬಾಗಿಲಿತ್ತು.

ಅದೇ ಹೊತ್ತಿನಲ್ಲಿ ಪಕ್ಕದ ಕೊಪ್ಪಳ ನಿಜಾಮರ ಸೀಮೆಯ ಕಾನೂನಿನಲ್ಲಿತ್ತು, ಮಂಗಳೂರು ಮದ್ರಾಸಿನ ಕಾನೂನಿನಲ್ಲಿತ್ತು. ಮೈಸೂರಿಗೆ ತನ್ನದೇ 1904ರ ಸಂಘಗಳ ಕಾಯ್ದೆ, 1927ರ ಮುಜರಾಯಿ ಕಾಯ್ದೆ ಇದ್ದವು. 1956ರಲ್ಲಿ ರಾಜ್ಯ ಒಂದಾಯಿತು. 1960ರ ಕಾಯ್ದೆಯಿಂದ ಸಂಘಗಳಿಗೆ ರಾಜ್ಯವಿಡೀ ಒಂದೇ ಕಾನೂನಾಯಿತು. ಹಿಂದೂ ಧಾರ್ಮಿಕ ಸಂಸ್ಥೆ ಮತ್ತು ಧರ್ಮಾದಾಯ ದತ್ತಿಗಳಿಗೆ ಹಾಗೆ ಒಂದೇ ಕಾಯ್ದೆ ಮಾಡಲು 1997ರವರೆಗೆ ಕಾಯಬೇಕಾಯಿತು. ಅದು ಜಾರಿಗೆ ಬಂದದ್ದು 2003ರಲ್ಲಿ.

1960ರ ಕಾಯ್ದೆಯ ನೋಂದಣಾಧಿಕಾರಿ ಸಹಕಾರ ಇಲಾಖೆಯವರು. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ. ಸೊಸೈಟಿಗೆ ಇಲಾಖೆಯವರು ಬಂದು ಹೋಗುವುದನ್ನು ನಮ್ಮ ರೈತರು ಬಲ್ಲರು. ಆದರೆ ಅದೇ ಇಲಾಖೆಯಲ್ಲಿ ನೋಂದಣಿಯಾದ ಧರ್ಮಾರ್ಥ ಸಂಘಕ್ಕೆ ಹಾಗೆ ಬಂದು ಹೋಗುವವರಿಲ್ಲ. ವಾರ್ಷಿಕ ಮಹಾಸಭೆ ನಡೆಸಿ, 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಂಘವೇ ಒಯ್ದು ಕೊಡಬೇಕು. ಐದಾರು ವರ್ಷ ಕೊಡದೆ ಬಿಟ್ಟು, ಏನಾದರೂ ಅನುದಾನದ ಅರ್ಜಿ ಹಾಕುವಾಗ ದಂಡ ಕಟ್ಟಿ ಓಡಾಡುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಕಾಯಂ ಎಂಬ ಮಾತು

ಇನ್ನು ಆದಾಯ ತೆರಿಗೆ. ಧರ್ಮಕಾರ್ಯದ ಆದಾಯಕ್ಕೆ ವಿನಾಯಿತಿ 1922ರ ಕಾಯ್ದೆಯಲ್ಲೂ ಇತ್ತು, 1961ರ ಕಾಯ್ದೆಯಲ್ಲೂ ಮುಂದುವರಿಯಿತು. 1973ರ ಏಪ್ರಿಲ್‌ನಿಂದ 12ಎ ನೋಂದಣಿ ಕಡ್ಡಾಯವಾಯಿತು. ಒಮ್ಮೆ ಸಿಕ್ಕರೆ, ರದ್ದಾಗುವವರೆಗೆ ಅದು ಕಾಯಂ. ದಾನಿಗೆ ರಿಯಾಯಿತಿ ಕೊಡುವ 80ಜಿ ಅನುಮೋದನೆಯನ್ನು ಮಾತ್ರ ಆಗಾಗ ನವೀಕರಿಸಬೇಕಿತ್ತು. 2009ರ ಅಕ್ಟೋಬರ್‌ನಿಂದ ಅದೂ ಕಾಯಂ ಆಯಿತು.

ಊರ ಸಂಸ್ಥೆಗಳಿಗೆ ಇದು ದೊಡ್ಡ ನಿರಾಳ. ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟರು. ನಮಗೆ ಅನಿಸುವುದು, ಮರೆವು ಶುರುವಾದದ್ದೂ ಅಲ್ಲಿಂದಲೇ. ನವೀಕರಣ ಇದ್ದಾಗ ಯಾರಾದರೊಬ್ಬರು ತಾರೀಖು ನೆನಪಿಟ್ಟುಕೊಂಡು ಹುಬ್ಬಳ್ಳಿಗೆ ಹೋಗಿ ಕೇಳಿಕೊಂಡು ಬರುತ್ತಿದ್ದರು. ಕಾಯಂ ಆದ ಮೇಲೆ ಆ ಕೆಲಸವೂ ಹೋಯಿತು, ಆ ಮನುಷ್ಯನೂ ಹೋದ.

ಗಾಳಿ ಬದಲಾಗಿದ್ದರ ಸೂಚನೆ ಮೊದಲೇ ಇತ್ತು. ವಿದೇಶಿ ದೇಣಿಗೆಗೆ 1976ರ ಕಾಯ್ದೆಯಲ್ಲಿ ಕಾಯಂ ಇದ್ದ ನೋಂದಣಿಯನ್ನು 2010ರ ಕಾಯ್ದೆ ಐದು ವರ್ಷಕ್ಕೆ ಇಳಿಸಿತ್ತು. ಆದರೆ ಹೊರದೇಶದ ದುಡ್ಡು ಕಾಣದ ಊರಿನ ಸಂಸ್ಥೆಗಳಿಗೆ ಅದು ಬೇರೆಯವರ ಸುದ್ದಿ.

2020ರ ಫೆಬ್ರುವರಿಯ ಬಜೆಟ್‌ನಲ್ಲಿ ಸರದಿ ಇವರಿಗೂ ಬಂತು. 12ಎ, 80ಜಿ ಎರಡನ್ನೂ ಹೊಸದಾಗಿ ಮಾಡಿಸಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮುಂದಿನ ತಿಂಗಳೇ ಲಾಕ್‌ಡೌನ್. ಜಾರಿ ಜೂನ್‌ನಿಂದ ಅಕ್ಟೋಬರ್‌ಗೆ, ಅಕ್ಟೋಬರ್‌ನಿಂದ 2021ರ ಏಪ್ರಿಲ್‌ಗೆ ಹೋಯಿತು. ಅರ್ಜಿಯ ಗಡುವು 2021ರ ಜೂನ್ 30 ಇದ್ದದ್ದು ಆಗಸ್ಟ್ 31, ಆಮೇಲೆ 2022ರ ಮಾರ್ಚ್ 31, ನವೆಂಬರ್ 25, 2023ರ ಸೆಪ್ಟೆಂಬರ್ 30, ಕೊನೆಗೆ 2024ರ ಜೂನ್ 30. ಇಷ್ಟು ಸಲ ಮುಂದೂಡಬೇಕಾಯಿತು ಎಂದರೆ ಸುದ್ದಿ ಮುಟ್ಟದವರು ನಮ್ಮೂರಿನಲ್ಲಷ್ಟೇ ಇರಲಿಲ್ಲ ಎಂದಾಯಿತು.

ಇದರ ನಡುವೆ ಇನ್ನೊಂದು ಕಟ್ಟಳೆ ಬಿಗಿಯಾಯಿತು. ಧರ್ಮಾರ್ಥ ಸಂಸ್ಥೆ ತನ್ನ ಆ ಸ್ವರೂಪ ಬಿಟ್ಟರೆ ಅದರ ಆಸ್ತಿಯ ಪೇಟೆ ಬೆಲೆಯಿಂದ ಸಾಲ ಕಳೆದು, ಉಳಿದದ್ದರ ಮೇಲೆ ಗರಿಷ್ಠ ದರದ ತೆರಿಗೆ ಹಾಕುವ 115ಟಿಡಿ ಕಲಮು 2016ರಲ್ಲೇ ಬಂದಿತ್ತು. 2023ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಅವಧಿಯೊಳಗೆ ಮರುನೋಂದಣಿಗೆ ಅರ್ಜಿ ಹಾಕದಿರುವುದನ್ನೂ ಸೇರಿಸಿದರು. ಈ ತೆರಿಗೆ ಕಟ್ಟದಿದ್ದರೆ ಧರ್ಮದರ್ಶಿಯೂ ಬಾಕಿದಾರ. ಅಂದರೆ ಕಣದ ಜೋಳದಿಂದ ಕಟ್ಟಿದ ಆ ಕಟ್ಟಡ, ಬಸ್ ನಿಲ್ದಾಣದ ಪಕ್ಕದ ಆ ಜಾಗ, ಒಂದು ಅರ್ಜಿ ಹಾಕದ ಕಾರಣಕ್ಕೆ ತೆರಿಗೆಯ ಲೆಕ್ಕಕ್ಕೆ ಬರಬಹುದಿತ್ತು. ಇದನ್ನು ಹೇಳಿದಾಗ ಅಧ್ಯಕ್ಷರು ಬಹಳ ಹೊತ್ತು ಮಾತಾಡಲಿಲ್ಲ.

ಸುದ್ದಿ ಯಾರ ಫೋನಿಗೆ ಬರುತ್ತದೆ?

ಇಂದು ಒಂದು ಊರಿನ ಸಂಸ್ಥೆಗೆ ಎಷ್ಟು ಕಚೇರಿ? ಟ್ರಸ್ಟ್ ಆದರೆ ಪತ್ರ ನೋಂದಣಿಯಾಗುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ. ಸಂಘವಾದರೆ ಜಿಲ್ಲಾ ನೋಂದಣಾಧಿಕಾರಿಯಲ್ಲಿ. ತೆರಿಗೆಗೆ ಆದಾಯ ತೆರಿಗೆ ಇಲಾಖೆ, ವಿದೇಶಿ ದೇಣಿಗೆ ಇದ್ದರೆ ದಿಲ್ಲಿಯ ಗೃಹ ಸಚಿವಾಲಯ. ಒಬ್ಬರ ನಿಯಮ ಬದಲಾದದ್ದನ್ನು ಇನ್ನೊಬ್ಬರು ಹೇಳುವುದಿಲ್ಲ. ತೆರಿಗೆ ಇಲಾಖೆ ಸುತ್ತೋಲೆಯನ್ನು ಜಾಲತಾಣದಲ್ಲಿ ಹಾಕುತ್ತದೆ, ಸಂದೇಶವನ್ನು ನೋಂದಾಯಿತ ಮೊಬೈಲ್‌ಗೂ ಇಮೇಲ್‌ಗೂ ಕಳಿಸುತ್ತದೆ.

ಆ ಮೊಬೈಲ್ ಯಾರದು ಎಂದು ನಾವು ಕೇಳಿದೆವು. ತೀರಿಹೋದ ಕಾರ್ಯದರ್ಶಿಯದ್ದು. ಇಮೇಲ್? ಹಿಂದಿನ ಲೆಕ್ಕಪರಿಶೋಧಕರ ಕಚೇರಿಯದ್ದು. ಅವರ ಕೆಲಸ ಬಿಡಿಸಿ ನಾಲ್ಕು ವರ್ಷವಾಗಿತ್ತು. ಇಲಾಖೆ ಹೇಳಿರಲಿಲ್ಲ ಎನ್ನುವಂತಿಲ್ಲ, ಇವರಿಗೆ ಮುಟ್ಟಿರಲಿಲ್ಲ.

ಪುಣ್ಯಕ್ಕೆ ಹೊಸ ಲೆಕ್ಕಪರಿಶೋಧಕರು ಓಡಾಡಿ, ಮೊಬೈಲ್ ನಂಬರ್ ಬದಲಿಸಿ, ಜೂನ್ ಕೊನೆಯೊಳಗೆ 10ಎ ಅರ್ಜಿ ಹಾಕಿಸಿದರು. ನೋಂದಣಿ ಸಿಕ್ಕಿತು. ಅದರಲ್ಲೂ ಒಂದು ಸಿಕ್ಕು. ಪತ್ರ ಕೈಗೆ ಬಂದದ್ದು 2024ರಲ್ಲಿ, ಐದು ವರ್ಷದ ಎಣಿಕೆ ಮಾತ್ರ 2021ರ ಏಪ್ರಿಲ್‌ನಿಂದ. ಅಂದರೆ 2026ರ ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ. ನವೀಕರಣದ ಅರ್ಜಿ ಆರು ತಿಂಗಳು ಮುಂಚೆ, 2025ರ ಸೆಪ್ಟೆಂಬರ್ 30ರೊಳಗೆ ಹಾಕಬೇಕು. "2029ರ ತನಕ ಆರಾಮ" ಎಂದು ಕುಳಿತಿದ್ದರೆ ಮತ್ತೆ ಅದೇ ಗೋಳು.

ಠರಾವು ಪುಸ್ತಕದ ಮೊದಲ ಪುಟ

ಕಳೆದ ಸೆಪ್ಟೆಂಬರ್‌ನಲ್ಲಿ ಮತ್ತೆ ಆ ಪ್ರಸಾದ ನಿಲಯಕ್ಕೆ ಹೋಗಿದ್ದೆವು. ನವೀಕರಣದ ಅರ್ಜಿ ಹೋಗಿತ್ತು. ಅದಕ್ಕಿಂತ ನಮಗೆ ಹಿಡಿಸಿದ್ದು ಅವರ ಠರಾವು ಪುಸ್ತಕ. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ತಾರೀಖುಗಳು: ಮೇ 31, ದಾನಿಗಳ ವಿವರ ಸಲ್ಲಿಕೆ, ತಡವಾದರೆ ದಿನಕ್ಕೆ 200 ರೂಪಾಯಿ. ಸೆಪ್ಟೆಂಬರ್ 30, ಲೆಕ್ಕ ತಪಾಸಣೆ ವರದಿ. ಅಕ್ಟೋಬರ್ 31, ತೆರಿಗೆ ವಿವರ. ಮಹಾಸಭೆಯಾದ 14 ದಿನಕ್ಕೆ ಜಿಲ್ಲಾ ನೋಂದಣಾಧಿಕಾರಿಗೆ ಪಟ್ಟಿ. ಅದರ ಕೆಳಗೆ, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ 80ಜಿ ರಿಯಾಯಿತಿ ಇಲ್ಲ ಎಂಬ ಒಂದು ಸಾಲು.

ಪ್ರತಿ ಸಭೆಯ ಅಜೆಂಡಾದಲ್ಲಿ ಈಗ ಮೊದಲ ವಿಷಯ "ಕಾನೂನಿನಲ್ಲಿ ಏನು ಬದಲಾಗಿದೆ". ಲೆಕ್ಕಪರಿಶೋಧಕರಿಂದ ಕೇಳಿ ತಂದು ಕನ್ನಡದಲ್ಲಿ ಓದಿ ಹೇಳುವ ಹೊಣೆ ಒಬ್ಬ ಸದಸ್ಯರದ್ದು. ಅವರು ನಿಲಯದಲ್ಲೇ ಓದಿ ಬೆಳೆದ ಪ್ರೌಢಶಾಲಾ ಮಾಸ್ತರರು. ಏನೂ ಬದಲಾಗದಿದ್ದರೆ "ಬದಲಾವಣೆ ಇಲ್ಲ" ಎಂದು ಬರೆದು ಎಲ್ಲರೂ ಸಹಿ ಹಾಕುತ್ತಾರೆ. ಇಲಾಖೆಯ ಖಾತೆಯಲ್ಲಿರುವ ಮೊಬೈಲ್, ಇಮೇಲ್ ಸಂಸ್ಥೆಯದ್ದೇ. ಕಾರ್ಯದರ್ಶಿ ಬದಲಾದರೆ ಸಿಮ್ ಕಾರ್ಡೂ ಬೀಗದ ಕೈಗಳ ಜೊತೆ ಹಸ್ತಾಂತರವಾಗಬೇಕು ಎಂದು ಠರಾವು ಆಗಿದೆ.

ಕೆಲಸ ಮುಗಿದಿಲ್ಲ. 2025ರ ಬಜೆಟ್, ವರ್ಷದ ಆದಾಯ 5 ಕೋಟಿ ಮೀರದ ಸಂಸ್ಥೆಗಳ ನೋಂದಣಿ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿದೆ. ಸಣ್ಣ ಸಂಸ್ಥೆಗಳಿಗೆ ಒಳ್ಳೆಯದೇ. ಆದರೆ ಹತ್ತು ವರ್ಷದಲ್ಲಿ ಮಂಡಳಿಯ ಮುಖಗಳೆಲ್ಲ ಬದಲಾಗುತ್ತವೆ. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಹೊಸ ಆದಾಯ ತೆರಿಗೆ ಕಾಯ್ದೆಯೂ ಬಂದಿದೆ. ಅಜ್ಜಂದಿರಿಗೆ ಬಾಯಿಪಾಠವಾಗಿದ್ದ 12ಎ, 80ಜಿ ಸಂಖ್ಯೆಗಳೇ ಬದಲಾಗುತ್ತವೆ. ಅದನ್ನೂ ಮಾಸ್ತರರು ಬರೆದುಕೊಂಡಿದ್ದರು.

ಗೋಡೆಯ ಹಳೆಯ ಪತ್ರ ಹಾಗೇ ಇತ್ತು. ತೆಗೆಯಲಿಲ್ಲವೇ ಎಂದು ಕೇಳಿದೆವು.

"ಇರಲಿ ಬಿಡ್ರಿ. ಅದನ್ನ ನೋಡಿದಾಗೊಮ್ಮೆ ಪುಸ್ತಕ ತಗದು ತಾರೀಖು ನೋಡತೀವಿ" ಎಂದರು ಅಧ್ಯಕ್ಷರು.

ನಿಮ್ಮೂರಿನ ವಾಚನಾಲಯ, ಗೋಶಾಲೆ, ಶಾಲೆಯ ಟ್ರಸ್ಟ್‌ನಲ್ಲಿ ನೀವೋ ನಿಮ್ಮ ಮನೆಯವರೋ ಇದ್ದರೆ ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಇಲಾಖೆಯ ಸಂದೇಶ ಬರುವ ಮೊಬೈಲ್ ಈಗ ಯಾರ ಕೈಯಲ್ಲಿದೆ?